ಮಾಪಕದ ಮಾತು, ನೀರಿನ ಲೆಕ್ಕ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಒಂದು ಜಲಾಶಯವಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ ಮುಂದೆ ಸಾಗುವ ಶಿಂಷೆ ಇಲ್ಲಿ ನಿಲ್ಲುತ್ತಾಳೆ. ಒಳ್ಳೆಯ ಮಳೆಯಾದ ವರ್ಷ ಜಲಾಶಯ ತುಂಬಿದ ಸುದ್ದಿ ಹಬ್ಬುತ್ತಿದ್ದಂತೆ ಸುತ್ತಲಿನ ಊರುಗಳಿಂದ ಜನ ನೋಡಲು ಬರುತ್ತಾರೆ. ನೀರು ಗರಿಷ್ಠ ಮಟ್ಟ ದಾಟಿದಾಗ ಅಲ್ಲಿ ಯಾರೂ ಗುಂಡಿ ಒತ್ತುವುದಿಲ್ಲ, ಗೇಟು ಎತ್ತುವುದಿಲ್ಲ, ಕರೆಂಟೂ ಬೇಕಾಗುವುದಿಲ್ಲ. ಸೈಫನ್‌ಗಳು ತಾವಾಗಿಯೇ ಶುರುವಾಗಿ ಹೆಚ್ಚುವರಿ ನೀರನ್ನು ಭೋರ್ಗರೆಯುತ್ತ ಹೊರಗೆ ಹಾಕುತ್ತವೆ. ಮಟ್ಟ ಇಳಿದೊಡನೆ ತಾವಾಗಿಯೇ ನಿಲ್ಲುತ್ತವೆ.

ಇದರ ಒಳಗುಟ್ಟು ಸರಳ, ಆದರೆ ಬಲು ಜಾಣತನದ್ದು. ನೆಟ್ಟಗೆ ನಿಂತ ದಪ್ಪ ಕೊಳವೆ, ಅದರ ಬಾಯಿಗೆ ಆಲಿಕೆಯಂಥ ಅಂಚು, ಮೇಲೊಂದು ಗುಮ್ಮಟದ ಮುಚ್ಚಳ. ಆಲಿಕೆಯ ಅಂಚು ಸರಿಯಾಗಿ ಜಲಾಶಯದ ಗರಿಷ್ಠ ಮಟ್ಟಕ್ಕೆ ಇರುತ್ತದೆ. ನೀರು ಅಂಚನ್ನು ದಾಟಿ ಒಳಗೆ ಸುರಿಯುವಾಗ ಆಲಿಕೆಯ ಒಳಮೈಯ ಬಾಗಿದ ಏಣುಗಳು ಅದಕ್ಕೆ ಸುಳಿಯ ತಿರುವು ಕೊಡುತ್ತವೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ಪೂರ್ತಿ ತುಂಬಿ ಹರಿಯುತ್ತದೆ. ಮಟ್ಟ ಇಳಿದಾಗ ಒಂದು ಸಣ್ಣ ಕಿಂಡಿಯಿಂದ ಗಾಳಿ ಒಳನುಗ್ಗಿ ಹರಿವು ನಿಲ್ಲುತ್ತದೆ. ಸುಳಿಯ ಬಲದಿಂದ ನಡೆಯುವ ಈ ಬಗೆಯ ವಲ್ಯೂಟ್ ಸೈಫನ್ ಜಲ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರ ಹೆಸರಿನಿಂದಲೇ ಪರಿಚಿತ. ಅದಕ್ಕೂ ಮೊದಲೇ, 1903ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಕೆಲಸ ಆರಂಭಿಸಿದ್ದವು.

ಈ ಹಳೆಯ ಏರ್ಪಾಡುಗಳಲ್ಲಿ ಅಳೆಯುವುದೂ ನೀರೇ, ತೀರ್ಮಾನಿಸುವುದೂ ನೀರೇ, ಬಾಗಿಲು ತೆರೆಯುವುದೂ ನೀರೇ. ನೂರು ಕಿಲೋಮೀಟರ್ ಆಚೆ ಕುಳಿತ ಯಾರೂ ಮಾರ್ಕೋನಹಳ್ಳಿಯ ಸೈಫನ್‌ಗೆ ‘ಜಲಾಶಯ ಇನ್ನೂ ಅರ್ಧ ಖಾಲಿ ಇದೆ’ ಎಂದು ನಂಬಿಸಲಾರರು. ಇಂದಿನ ಯಂತ್ರಗಳಿಗೆ ಹಾಗೆ ನಂಬಿಸಬಹುದು. ಈ ಭಾಷಣದ ವಿಷಯ ಅದೇ.

ತುಮಕೂರು ನಗರದ ಕುಡಿಯುವ ನೀರಿನ ದಾರಿಯನ್ನೇ ನೋಡಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ 37 ಟಿಎಂಸಿ ಸಾಮರ್ಥ್ಯದ ಹೇಮಾವತಿ ಜಲಾಶಯವಿದೆ. ಅಲ್ಲಿಂದ ಹೊರಟ ನಾಲೆಯ ನೀರು ಗುಬ್ಬಿ ಸೀಮೆಯನ್ನು ಹಾದು ತುಮಕೂರಿನ ಬಳಿಯ ಬುಗುಡನಹಳ್ಳಿ ಕೆರೆಗೆ ಬರುತ್ತದೆ. ಕೆರೆಯಿಂದ ಪಂಪು, ಶುದ್ಧೀಕರಣ, ಎತ್ತರದ ಟ್ಯಾಂಕು, ಆಮೇಲೆ ಮನೆಯ ನಲ್ಲಿ. ಇಂಥ ದಾರಿಯ ಪ್ರತಿ ಹಂತದಲ್ಲೂ ಈಗ ಎಲೆಕ್ಟ್ರಾನಿಕ್ ಮಾಪಕ ಕೂರಿಸುವ ಕಾಲ ಬಂದಿದೆ: ಮಟ್ಟಕ್ಕೊಂದು, ಹರಿವಿಗೊಂದು, ಒತ್ತಡಕ್ಕೊಂದು, ನೀರಿಗೆ ಬೆರೆಸುವ ಕ್ಲೋರಿನ್‌ಗೊಂದು. ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ನಗರಗಳಲ್ಲಿ ತುಮಕೂರೂ ಒಂದು. ಕಂಟ್ರೋಲ್ ರೂಮಿನ ಪರದೆಯ ಮೇಲೆ ಊರನ್ನು ನೋಡುವ ಪದ್ಧತಿ ಇಲ್ಲಿಗೆ ಹೊಸದಲ್ಲ. ಹಳ್ಳಿಯಲ್ಲಿಯೂ ಅಷ್ಟೇ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತೋಟಕ್ಕೆ ನಡೆದು ಹೋಗುವ ಬದಲು ಮನೆಯಿಂದಲೇ ಮೊಬೈಲಿನಲ್ಲಿ ಬೋರ್‌ವೆಲ್ ಮೋಟರ್ ಚಾಲೂ ಮಾಡುವ ರೈತರು ತೆಂಗು ಅಡಿಕೆಯ ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರ ಸ್ಟಾರ್ಟರ್ ಪೆಟ್ಟಿಗೆಯೂ ಒಂದು ಸಣ್ಣ ನಿಯಂತ್ರಣ ವ್ಯವಸ್ಥೆಯೇ.

ಕರ್ನಾಟಕದಲ್ಲಿ ಇದರ ದೊಡ್ಡ ರೂಪ ನಾರಾಯಣಪುರ ಎಡದಂಡೆ ಕಾಲುವೆ. ಆಧುನೀಕರಣಗೊಂಡ ಆ ಕಾಲುವೆಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ ಹರಿವು, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಅಲ್ಲಿ ಸಾವಿರಾರು ಗೇಟುಗಳಿಗೆ ಸೆನ್ಸರ್ ಮತ್ತು ರೇಡಿಯೊ ಸಂಪರ್ಕ ಕೊಟ್ಟು ಸ್ಕಾಡಾ ಎಂಬ ದೂರನಿಯಂತ್ರಣ ಜಾಲ ಹೆಣೆಯಲಾಗಿದೆ. ಕಾಲುವೆಯ ಕೊನೆಯ ಅಂಚಿನ ರೈತನಿಗೂ ಅವನ ಪಾಲು ಮುಟ್ಟಲಿ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶ, ಬೇಕಾದ ಕೆಲಸ. ಅದಕ್ಕಾಗಿಯೇ ಇದರ ಕಾವಲಿನ ಬಗ್ಗೆಯೂ ಅಷ್ಟೇ ಶ್ರದ್ಧೆಯಿಂದ ಯೋಚಿಸಬೇಕಾಗಿದೆ.

ಇಂಥ ಎಲ್ಲ ವ್ಯವಸ್ಥೆಗಳಲ್ಲೂ ಮೂರು ಅಂಗಗಳಿರುತ್ತವೆ. ಸೆನ್ಸರ್ ಅಳೆಯುತ್ತದೆ. ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಪಂಪು, ವಾಲ್ವು ಅಥವಾ ಗೇಟು ಕೆಲಸ ಮಾಡುತ್ತದೆ. ತೀರ್ಮಾನಿಸುವ ಕಂಪ್ಯೂಟರಿಗೆ ಕಣ್ಣಿಲ್ಲ. ಸೆನ್ಸರ್ ಕಳಿಸಿದ ಅಂಕಿಯೇ ಅದರ ಪಾಲಿನ ಜಗತ್ತು. ಕೇಡು ಬಯಸುವವನು ಆ ಅಂಕಿಯನ್ನು ಮೂರು ಕಡೆ ಕೆಡಿಸಬಹುದು. ಒಂದು, ಸೆನ್ಸರ್ ಇರುವ ಜಾಗದಲ್ಲೇ. 2013ರಲ್ಲಿ ಅಮೆರಿಕದ ಸಂಶೋಧಕರು ವಾಹನದ ಎಬಿಎಸ್ ಬ್ರೇಕಿನ ಚಕ್ರವೇಗದ ಸೆನ್ಸರನ್ನು ಮುಟ್ಟದೆ, ತಂತಿ ಕತ್ತರಿಸದೆ, ಹೊರಗಿನಿಂದ ಕಾಂತಕ್ಷೇತ್ರ ಹರಿಸಿಯೇ ತಪ್ಪು ವೇಗ ಹೇಳಿಸಿ ತೋರಿಸಿದರು. ಎರಡು, ಅಂಕಿ ಸಾಗುವ ತಂತಿ ಅಥವಾ ರೇಡಿಯೊ ಹಾದಿಯಲ್ಲಿ. ಮೂರು, ಅಂಕಿಯನ್ನು ಸ್ವೀಕರಿಸುವ ಕಂಪ್ಯೂಟರಿನೊಳಗೆ.

ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ತೂಗುವ ಯಂತ್ರಕ್ಕೆ ಸರ್ಕಾರದ ಮುದ್ರೆ ಇರುತ್ತದೆ. ಕಾಲಕಾಲಕ್ಕೆ ತಪಾಸಣೆ ನಡೆಯುತ್ತದೆ. ತೂಕದಲ್ಲಿ ಮೋಸವಾದರೆ ರೈತನ ಹೊಟ್ಟೆಯ ಮೇಲೆ ಹೊಡೆದಂತೆ ಎಂಬುದು ಎಲ್ಲರಿಗೂ ಗೊತ್ತು. ಊರಿಗೆಲ್ಲ ನೀರು ಹಂಚುವ ಮಾಪಕಕ್ಕೂ ಅದೇ ಬಿಗಿ ಬೇಡವೇ?

ಕೇಡು ಬಯಸುವವರು ನಿಜಕ್ಕೂ ಇದ್ದಾರೆಯೇ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಮರೂಚಿ ಎಂಬ ಪ್ರದೇಶದ ಕಥೆ ಹೇಳಬೇಕು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆ ಊರಿನ ಒಳಚರಂಡಿ ಪಂಪುಗಳು 2000ನೇ ಇಸವಿಯ ಆರಂಭದಲ್ಲಿ ವಿಚಿತ್ರವಾಗಿ ಆಡತೊಡಗಿದವು. ಓಡಬೇಕಾದ ಪಂಪು ಓಡುತ್ತಿರಲಿಲ್ಲ. ಮೊಳಗಬೇಕಾದ ಎಚ್ಚರಿಕೆ ಕಂಟ್ರೋಲ್ ರೂಮಿಗೆ ತಲುಪುತ್ತಿರಲಿಲ್ಲ. ಯಂತ್ರ ಕೆಟ್ಟಿದೆಯೆಂದೇ ಎಂಜಿನಿಯರ್‌ಗಳು ವಾರಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಸಿಕ್ಕಿಬಿದ್ದವನು ಆ ವ್ಯವಸ್ಥೆಯನ್ನು ಅಳವಡಿಸಿದ ಗುತ್ತಿಗೆ ಕಂಪನಿಯಲ್ಲಿ ಮೊದಲು ಕೆಲಸ ಮಾಡಿದ್ದವನು. ಸ್ಥಳೀಯ ಆಡಳಿತ ತನಗೆ ನೌಕರಿ ಕೊಡಲಿಲ್ಲವೆಂಬ ಸಿಟ್ಟಿಗೆ ಕಾರಿನಲ್ಲಿ ಲ್ಯಾಪ್‌ಟಾಪ್ ಮತ್ತು ರೇಡಿಯೊ ಉಪಕರಣ ಇಟ್ಟುಕೊಂಡು ಸುಳ್ಳು ಸಂಕೇತ ಕಳಿಸುತ್ತಿದ್ದ. ಸುಮಾರು ಎಂಟು ಲಕ್ಷ ಲೀಟರ್ ಕೊಳಚೆ ನೀರು ಉದ್ಯಾನಗಳಿಗೂ ಹೊಳೆಗೂ ಹರಿಯಿತು. 2001ರಲ್ಲಿ ಅವನಿಗೆ ಎರಡು ವರ್ಷ ಜೈಲಾಯಿತು. ಅವನಿಗೆ ವ್ಯವಸ್ಥೆಯ ಒಳಹೊರಗು ಗೊತ್ತಿತ್ತು; ರೇಡಿಯೊ ಹಾದಿಗೆ ಬೀಗವಿರಲಿಲ್ಲ. ಅಷ್ಟೇ ಸಾಕಾಯಿತು.

ಹತ್ತು ವರ್ಷಗಳ ನಂತರ, 2010ರಲ್ಲಿ, ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಬೆಳಕಿಗೆ ಬಂತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳಿದ್ದವು. ಹೊರಗಿನ ಇಂಟರ್ನೆಟ್ಟಿನಿಂದ ಅವನ್ನು ದೂರವಿಡಲಾಗಿತ್ತು. ಆದರೂ ಈ ಕುತಂತ್ರಾಂಶ ಒಳಸೇರಿತು. ಅದು ಯಂತ್ರಗಳ ತಿರುಗುವೇಗವನ್ನು ಏರುಪೇರು ಮಾಡಿ ಅವನ್ನು ಹಾಳುಗೆಡವಿತು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದು ಕೆಲಸ. ಎಲ್ಲ ಸರಿಯಿದ್ದಾಗಿನ ಸೆನ್ಸರ್ ಅಂಕಿಗಳನ್ನು ಮೊದಲೇ ದಾಖಲಿಸಿಟ್ಟುಕೊಂಡು, ಯಂತ್ರ ಒಡೆಯುತ್ತಿದ್ದ ಹೊತ್ತಿನಲ್ಲಿ ಆ ಹಳೆಯ ಅಂಕಿಗಳನ್ನೇ ಮತ್ತೆ ಮತ್ತೆ ಬಿತ್ತರಿಸುತ್ತಿತ್ತು. ಕಂಟ್ರೋಲ್ ರೂಮಿನ ಪರದೆ ಶಾಂತವಾಗಿತ್ತು. ಪರದೆಯ ಮುಂದೆ ಕುಳಿತವರು ಎಚ್ಚರವಾಗಿದ್ದರೂ ಅವರಿಗೆ ಏನೂ ಕಾಣುವಂತಿರಲಿಲ್ಲ.

ಕೇಡು ಬಯಸುವವರಿಲ್ಲದೆಯೂ ಸೆನ್ಸರ್ ಸುಳ್ಳು ಹೇಳಬಹುದು. ಆಗಿನ ಅನಾಹುತಗಳೂ ಪಾಠವೇ. ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ಟಾಮ್ ಸಾಕ್ ಎಂಬ ಜಲವಿದ್ಯುತ್ ಕೇಂದ್ರವಿದೆ. ಅಲ್ಲಿ ಗುಡ್ಡದ ಮೇಲಿನ ಜಲಾಶಯಕ್ಕೆ ರಾತ್ರಿ ನೀರು ಪಂಪು ಮಾಡಿ ಹಗಲು ವಿದ್ಯುತ್ ತೆಗೆಯುತ್ತಾರೆ. ನೀರಿನ ಮಟ್ಟ ಹೇಳುವ ಸೆನ್ಸರ್‌ಗಳನ್ನು ಹಿಡಿದಿದ್ದ ಕೊಳವೆಗಳು ಬಿಗಿ ಕಳೆದುಕೊಂಡು ಬಾಗಿದ್ದವು. ಹಾಗಾಗಿ ನಿಜವಾದ ಮಟ್ಟಕ್ಕಿಂತ ಕಡಿಮೆ ಅಂಕಿ ಬರುತ್ತಿತ್ತು. 2005ರ ಡಿಸೆಂಬರ್ 14ರ ನಸುಕಿನಲ್ಲಿ ಪಂಪುಗಳು ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ತುರ್ತು ನಿಲುಗಡೆಗೆಂದು ಬೇರೆ ಸೆನ್ಸರ್‌ಗಳಿದ್ದವು. ಆದರೆ ಅವನ್ನು ಗೋಡೆಯ ಅತಿ ತಗ್ಗಾದ ಭಾಗಕ್ಕಿಂತ ಮೇಲೆ ಕೂರಿಸಲಾಗಿತ್ತು. ನೀರು ಅವನ್ನು ಮುಟ್ಟುವ ಮೊದಲೇ ಗೋಡೆ ದಾಟಿತು, ಏರಿ ಕೊಚ್ಚಿಹೋಯಿತು, ಅರ್ಧ ಗಂಟೆಯೊಳಗೆ ಜಲಾಶಯ ಬರಿದಾಯಿತು. ಕೆಳಗಿನ ಉದ್ಯಾನವನದ ಅಧಿಕಾರಿಯ ಮನೆ ಕೊಚ್ಚಿಹೋಯಿತು. ಅವರ ಕುಟುಂಬದ ಐವರೂ ಬದುಕಿ ಉಳಿದದ್ದು ಪುಣ್ಯ. ಎರಡನೆಯ ಸೆನ್ಸರ್ ಇದ್ದರೆ ಸಾಲದು, ಅದು ಸರಿಯಾದ ಜಾಗದಲ್ಲಿರಬೇಕು, ಆಗಾಗ ಪರೀಕ್ಷೆಗೆ ಒಳಪಡಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಪಾಠ ಗುಬ್ಬಿಗೆ ಇನ್ನೂ ಹತ್ತಿರದ್ದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಈ ಕಾರ್ಖಾನೆಯ ಮೊದಲ ಗುರಿ ಮೂರು ಟನ್ ದರ್ಜೆಯ ಹಗುರ ಬಳಕೆಯ ಹೆಲಿಕಾಪ್ಟರ್. ಹಾರುವ ಯಂತ್ರದಲ್ಲಿ ಎತ್ತರ, ವೇಗ, ಎಂಜಿನ್ನಿನ ಬಿಸಿ, ದಿಕ್ಕು ಎಲ್ಲವೂ ಸೆನ್ಸರ್ ಹೇಳಿದಂತೆಯೇ ಪೈಲಟ್ಟಿಗೆ ಕಾಣುವುದು. ಒಂದೇ ಸೆನ್ಸರಿನ ಮಾತಿಗೆ ಯಂತ್ರ ಕುಣಿದರೆ ಏನಾಗುತ್ತದೆಂದು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ತೋರಿಸಿವೆ. ಗಾಳಿಗೆ ಎದುರಾಗಿ ವಿಮಾನದ ರೆಕ್ಕೆ ಎಷ್ಟು ಓರೆಯಾಗಿದೆಯೆಂದು ಹೇಳುವ ಸೆನ್ಸರ್ ತಪ್ಪು ಹೇಳಿತು. ತಂತ್ರಾಂಶ ಆ ಒಂದನ್ನೇ ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಒಟ್ಟು 346 ಜನ ಸತ್ತರು. ಅಲ್ಲಿ ದಾಳಿಕೋರನೇ ಇರಲಿಲ್ಲ. ಭಾರತದ ಗಡಿಯ ಆಕಾಶದಲ್ಲಾದರೋ ಬೇಕೆಂದೇ ಕಳಿಸುವ ಸುಳ್ಳು ಸಂಕೇತವೂ ಬಂದಿದೆ: 2023ರ ನವೆಂಬರಿನಿಂದ 2025ರ ಫೆಬ್ರವರಿವರೆಗೆ ಅಮೃತಸರ ಮತ್ತು ಜಮ್ಮು ಸುತ್ತಮುತ್ತ ವಿಮಾನಗಳ ಜಿಪಿಎಸ್‌ಗೆ ಅಡ್ಡಿ ಅಥವಾ ವಂಚನೆಯಾದ 465 ಪ್ರಕರಣಗಳು ವರದಿಯಾದವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು.

ಈಗ ಮತ್ತೆ ನೆಲಕ್ಕೆ, ನಾಲೆಗೆ ಬರೋಣ. ದಕ್ಷಿಣ ಫ್ರಾನ್ಸಿನಲ್ಲಿ ಗಿನ್ಯಾಕ್ ಎಂಬ ನೀರಾವರಿ ಕಾಲುವೆಯಿದೆ. ಅಲ್ಲಿಯೂ ಗೇಟುಗಳು ಸ್ವಯಂಚಾಲಿತ. ಸೌರಭ್ ಅಮೀನ್, ಕ್ಸೇವಿಯರ್ ಲಿಟ್ರಿಕೊ, ಶಂಕರ್ ಶಾಸ್ತ್ರಿ, ಅಲೆಕ್ಸಾಂಡರ್ ಬಾಯನ್ ಎಂಬ ಸಂಶೋಧಕರು ಆ ಕಾಲುವೆಯ ಮೇಲೆಯೇ ಒಂದು ಪ್ರಯೋಗ ನಡೆಸಿ 2010 ಮತ್ತು 2013ರಲ್ಲಿ ಅದರ ವಿವರ ಪ್ರಕಟಿಸಿದರು. ಅವರ ಪ್ರಶ್ನೆ ನಮ್ಮ ಯಾವ ರೈತನಿಗಾದರೂ ಅರ್ಥವಾಗುವಂಥದ್ದು: ಮಧ್ಯದ ಒಂದು ತೂಬಿನಿಂದ ನೀರು ಕದ್ದರೆ ಕಂಟ್ರೋಲ್ ರೂಮಿಗೆ ಗೊತ್ತಾಗದಂತೆ ಮಾಡಬಹುದೇ? ಮಾಡಬಹುದು ಎಂದು ಅವರು ತೋರಿಸಿದರು. ನೀರು ತೆಗೆದಾಗ ಮಟ್ಟ ಇಳಿಯಬೇಕು. ಇಳಿದದ್ದನ್ನು ಕಂಡು ಮೇಲಿನ ಗೇಟು ತೆರೆಯಬೇಕು. ಆದರೆ ಮಟ್ಟದ ಸೆನ್ಸರಿನ ಅಂಕಿಯನ್ನು ಅಷ್ಟೇ ಪ್ರಮಾಣದಲ್ಲಿ ತಿದ್ದಿದರೆ ಗೇಟು ಕದಲುವುದಿಲ್ಲ, ಎಚ್ಚರಿಕೆಯೂ ಮೊಳಗುವುದಿಲ್ಲ. ನಷ್ಟ ಹೋಗಿ ತಟ್ಟುವುದು ಕಾಲುವೆಯ ಕೊನೆಯಲ್ಲಿರುವವನಿಗೆ.

ಹೇಮಾವತಿ ನೀರಿನ ಹಂಚಿಕೆ ಎಂಥ ಸೂಕ್ಷ್ಮ ವಿಷಯವೆಂದು ತುಮಕೂರು ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಕುಣಿಗಲ್ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಯೋಜನೆಗೆ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಭಾಗದ ರೈತರು ಬೀದಿಗಿಳಿದು ಪ್ರತಿಭಟಿಸಿದರು. ಕುಣಿಗಲ್ಲಿನವರು ತಮ್ಮ ಪಾಲಿನ ನೀರು ತಮಗೆ ಎಂದೂ ಪೂರ್ತಿ ತಲುಪಿಲ್ಲ ಎಂದರು. ಎರಡೂ ಕಡೆಯ ವಾದದ ಬುಡದಲ್ಲಿರುವುದು ಒಂದೇ ಪ್ರಶ್ನೆ: ಯಾವ ಜಾಗದಲ್ಲಿ, ಯಾವ ದಿನ, ಎಷ್ಟು ಕ್ಯೂಸೆಕ್ ಹರಿಯಿತು? ಇಂಥ ಕಡೆ ಮಾಪಕದ ಅಂಕಿ ಎಂಜಿನಿಯರಿನ ಕಾಗದದಲ್ಲಿ ಉಳಿಯುವುದಿಲ್ಲ, ನ್ಯಾಯದ ಆಧಾರವಾಗುತ್ತದೆ. ಆ ಅಂಕಿಯನ್ನು ಯಾರಾದರೂ ತಿದ್ದಬಹುದು ಎಂಬ ಅನುಮಾನ ಹುಟ್ಟಿದರೂ ಸಾಕು, ನೆರೆಯ ತಾಲ್ಲೂಕುಗಳ ನಡುವೆ ನಂಬಿಕೆ ಮುರಿಯುತ್ತದೆ.

ಹಾಗಾದರೆ ಕಾಯುವುದು ಹೇಗೆ? ಪಾಸ್‌ವರ್ಡ್ ಬೇಕು, ಸಂಕೇತಗಳಿಗೆ ಗೂಢಲಿಪಿಯ ಬೀಗ ಬೇಕು, ಕಚೇರಿಯ ಕಂಪ್ಯೂಟರುಗಳ ಜಾಲದಿಂದ ಪಂಪುಗಳ ಜಾಲ ಬೇರೆಯಿರಬೇಕು. ಮರೂಚಿಯಲ್ಲಿ ಇಷ್ಟಿದ್ದಿದ್ದರೂ ಅನಾಹುತ ತಪ್ಪುತ್ತಿತ್ತೇನೋ. ಆದರೆ ಸೆನ್ಸರಿನ ಬಳಿಯೇ ನಡೆಯುವ ಮೋಸಕ್ಕೆ ಈ ಬೀಗಗಳಿಂದ ಉಪಯೋಗವಿಲ್ಲ. ಸುಳ್ಳು ಅಂಕಿಯೇ ಭದ್ರವಾಗಿ ಬೀಗ ಹಾಕಿಕೊಂಡು ಬರುತ್ತದೆ. ಅಲ್ಲಿ ನೆರವಿಗೆ ಬರುವುದು ಪ್ರಕೃತಿಯ ನಿಯಮ.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಲಕ್ಷ ಲೀಟರಿನ ಒಂದು ಟ್ಯಾಂಕು ಇದೆಯೆನ್ನಿ. ತಳದ ವಿಸ್ತೀರ್ಣ 250 ಚದರ ಮೀಟರ್, ಎತ್ತರ ನಾಲ್ಕು ಮೀಟರ್. ಗಂಟೆಗೆ ಒಂದು ಲಕ್ಷ ಲೀಟರ್ ಒಳಬರುತ್ತಿದೆ, 60 ಸಾವಿರ ಲೀಟರ್ ಹೊರಹೋಗುತ್ತಿದೆ. ಉಳಿಯುವ 40 ಸಾವಿರ ಲೀಟರಿಗೆ ಮಟ್ಟ ಗಂಟೆಗೆ 16 ಸೆಂಟಿಮೀಟರ್ ಏರಲೇಬೇಕು. ಮಟ್ಟದ ಸೆನ್ಸರ್ ‘ಏರಿಲ್ಲ’ ಎಂದರೆ ಮೂರರಲ್ಲಿ ಒಂದಾದರೂ ಸುಳ್ಳು: ಒಳಹರಿವಿನ ಮೀಟರ್, ಹೊರಹರಿವಿನ ಮೀಟರ್ ಅಥವಾ ಮಟ್ಟದ ಸೆನ್ಸರ್. ಇಲ್ಲವೇ ಎಲ್ಲೋ ಪೈಪು ಒಡೆದಿದೆ. ಯಾವುದೇ ಆದರೂ ಆಳು ಕಳಿಸಿ ನೋಡಬೇಕಾದ ಸಂಗತಿಯೇ. ಈ ತಾಳೆ ನೋಡುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಅದು ಪ್ರತಿ ನಿಮಿಷವೂ ಮಾಡುತ್ತದೆ. ಪಂಪಿನ ವಿದ್ಯುತ್ ಬಳಕೆಯನ್ನೂ ಸೇರಿಸಿದರೆ ಇನ್ನೊಂದು ಸಾಕ್ಷಿ ಸಿಕ್ಕಿತು: ನೀರೆತ್ತದ ಪಂಪು ನೀರೆತ್ತುವ ಪಂಪಿನಷ್ಟು ಕರೆಂಟು ಎಳೆಯುವುದಿಲ್ಲ. ಒಂದು ಮೀಟರ್ ಕೆಡಿಸುವುದು ಸುಲಭ. ಒಂದಕ್ಕೊಂದು ತಾಳೆಯಾಗುವಂತೆ ನಾಲ್ಕನ್ನೂ ಕೆಡಿಸುವುದು ಬಲು ಕಷ್ಟ.

ಜಾಣ ದಾಳಿಕೋರ ಒಮ್ಮೆಲೇ ದೊಡ್ಡ ಸುಳ್ಳು ಹೇಳುವುದಿಲ್ಲ. ಗಂಟೆಗೆ ಒಂದೇ ಸೆಂಟಿಮೀಟರ್ ತಪ್ಪಿಸುತ್ತಾನೆ. ಅಷ್ಟು ವ್ಯತ್ಯಾಸ ಯಾವ ಸೆನ್ಸರಿನಲ್ಲೂ ಸಹಜವೆಂದು ವ್ಯವಸ್ಥೆ ಸುಮ್ಮನಿರುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ತಪ್ಪು 24 ಸೆಂಟಿಮೀಟರ್ ಆಗಿರುತ್ತದೆ. ಇದನ್ನು ಹಿಡಿಯಲು ಕ್ಷಣಕ್ಷಣದ ವ್ಯತ್ಯಾಸವನ್ನು ನೋಡಿದರೆ ಸಾಲದು, ವ್ಯತ್ಯಾಸಗಳನ್ನು ಕೂಡುತ್ತ ಹೋಗಬೇಕು. ಸಹಜ ದೋಷ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಕೊನೆಗೆ ಸೊನ್ನೆಯ ಸುತ್ತಲೇ ಉಳಿಯುತ್ತದೆ. ಬೇಕೆಂದು ಮಾಡಿದ ದೋಷ ಒಂದೇ ಕಡೆಗೆ ಬೆಳೆಯುತ್ತದೆ. ಕಾರ್ಖಾನೆಯ ಉತ್ಪನ್ನಗಳ ಗುಣಮಟ್ಟ ಕಾಯಲು 1954ರಲ್ಲಿ ಇ. ಎಸ್. ಪೇಜ್ ಎಂಬ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಈ ಕೂಡುಲೆಕ್ಕದ ವಿಧಾನ ಇಂದು ಸೆನ್ಸರ್ ಕಾವಲಿಗೂ ಬಳಕೆಯಾಗುತ್ತಿದೆ.

ಒಂದೇ ಸಂಗತಿಯನ್ನು ಹಲವು ಸೆನ್ಸರ್‌ಗಳಿಂದ ಕೇಳುವುದು ಇನ್ನೊಂದು ದಾರಿ. ಎಷ್ಟು ಸೆನ್ಸರ್ ಕೆಟ್ಟರೂ ನಿಜ ತಿಳಿಯಬಹುದು? ಹಮ್ಜಾ ಫೌಜಿ, ಪಾಲೊ ತಬುವಾದಾ ಮತ್ತು ಸುಹಾಸ್ ದಿಗ್ಗಾವಿ 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಗಣಿತದ ಉತ್ತರವಿದೆ. ದಾಳಿಗೆ ಸಿಕ್ಕಿದವು ಅರ್ಧಕ್ಕಿಂತ ಕಡಿಮೆಯಿದ್ದರೆ, ಉಳಿದವುಗಳ ಏರ್ಪಾಡು ಸರಿಯಾಗಿದ್ದರೆ, ನಿಜಸ್ಥಿತಿಯನ್ನು ಮರಳಿ ಕಂಡುಕೊಳ್ಳಬಹುದು. ಅರ್ಧ ದಾಟಿದರೆ ಯಾವ ಜಾಣ ಲೆಕ್ಕವೂ ಕಾಯಲಾರದು. ಆದ್ದರಿಂದ ಮೂರು ಸೆನ್ಸರ್ ಇಟ್ಟರೆ ಒಂದರ ಮೋಸ ತಡೆದುಕೊಳ್ಳಬಹುದು, ಐದಿಟ್ಟರೆ ಎರಡರದು. ಆದರೆ ಮೂರೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿ, ಒಂದೇ ತಂತಿಯ ಮೇಲೆ, ಒಂದೇ ಪಾಸ್‌ವರ್ಡಿನಲ್ಲಿದ್ದರೆ ಅವು ಮೂರಲ್ಲ, ಒಂದೇ. ಒಂದು ಶಬ್ದತರಂಗದಿಂದ ಮಟ್ಟ ಅಳೆಯಲಿ, ಒಂದು ತಳದ ಒತ್ತಡದಿಂದ ಅಳೆಯಲಿ, ಇನ್ನೊಂದು ತೇಲುವ ಬುರುಡೆಯಾಗಿರಲಿ.

ಸ್ಟಕ್ಸ್‌ನೆಟ್ಟಿನಂತೆ ಹಳೆಯ ಅಂಕಿಗಳನ್ನೇ ತೋರಿಸುವ ಮೋಸವನ್ನು ಹಿಡಿಯಲು ಬೇರೆ ಉಪಾಯ ಬೇಕು. 2009ರಲ್ಲಿ ಯಿಲಿನ್ ಮೊ ಮತ್ತು ಬ್ರೂನೊ ಸಿನೊಪೊಲಿ ಒಂದನ್ನು ಮುಂದಿಟ್ಟರು, ಪಿ. ಆರ್. ಕುಮಾರ್ ಮತ್ತು ಭಾರದ್ವಾಜ್ ಸಚ್ಚಿದಾನಂದನ್ ಮುಂದೆ ಅದನ್ನು ಇನ್ನಷ್ಟು ಗಟ್ಟಿಗೊಳಿಸಿದರು. ಕಂಪ್ಯೂಟರ್ ಪಂಪಿಗೆ ಕೊಡುವ ಆಜ್ಞೆಯಲ್ಲಿ ತನಗೆ ಮಾತ್ರ ಗೊತ್ತಿರುವ ಅತಿ ಸಣ್ಣ ಏರಿಳಿತ ಬೆರೆಸುತ್ತದೆ. ಬಳಸುವವರಿಗೆ ಅದು ತಿಳಿಯುವುದೂ ಇಲ್ಲ. ಆದರೆ ನೀರು ನಿಜವಾಗಿ ಹರಿಯುತ್ತಿದ್ದರೆ ಆ ಏರಿಳಿತದ ಗುರುತು ಹರಿವಿನ ಮೀಟರಿನಲ್ಲಿ ಮರಳಿ ಕಾಣಲೇಬೇಕು. ಬರುತ್ತಿರುವುದು ನಿನ್ನೆ ದಾಖಲಿಸಿದ ಅಂಕಿಯಾದರೆ ಇಂದಿನ ಗುರುತು ಅದರಲ್ಲಿ ಇರುವುದಿಲ್ಲ.

ಈ ಮಾತು ನೀರಿಗಷ್ಟೇ ಅಲ್ಲ, ವಿದ್ಯುತ್ತಿಗೂ ಸಲ್ಲುತ್ತದೆ. ಜಿಲ್ಲೆಯ ಇನ್ನೊಂದು ತುದಿಯ ಪಾವಗಡವನ್ನು ಮರೆಯುವಂತಿಲ್ಲ. 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಅಲ್ಲಿದೆ. ಅದರ ವಿದ್ಯುತ್ ಸೇರುವ ಗ್ರಿಡ್ಡಿನಲ್ಲಿಯೂ ಎಲ್ಲವೂ ಮಾಪಕಗಳ ಮೇಲೆಯೇ ನಿಂತಿದೆ. ತಪ್ಪು ಅಂಕಿಗಳನ್ನು ಹೆಕ್ಕಿ ತೆಗೆಯುವ ಲೆಕ್ಕ ವಿದ್ಯುತ್ ಜಾಲಗಳಲ್ಲಿ ಹಿಂದಿನಿಂದಲೂ ಇತ್ತು. ಯಾವೊ ಲಿಯು, ಪೆಂಗ್ ನಿಂಗ್, ಮೈಕೆಲ್ ರೈಟರ್ 2009ರಲ್ಲಿ ಅದರ ಮಿತಿ ತೋರಿಸಿದರು: ಜಾಲದ ನಕ್ಷೆ ತಿಳಿದವನು ಹಲವು ಮೀಟರ್‌ಗಳನ್ನು ಹೊಂದಾಣಿಕೆಯಿಂದ ತಿದ್ದಿದರೆ ಆ ಲೆಕ್ಕವೂ ಮೋಸಹೋಗುತ್ತದೆ. ಆದ್ದರಿಂದ ಎಲ್ಲ ಮೀಟರಿಗೂ ಒಂದೇ ತೆರನ ತೆಳುವಾದ ಕಾವಲು ಹಾಕುವುದಕ್ಕಿಂತ, ಲೆಕ್ಕಕ್ಕೆ ಬುನಾದಿಯಾದ ಕೆಲವನ್ನು ಆರಿಸಿ ಅವನ್ನು ಯಾರೂ ಮುಟ್ಟದಂತೆ ಭದ್ರಪಡಿಸುವುದು ಮೇಲು.

ಇಷ್ಟೆಲ್ಲ ಆದರೂ ದಾಳಿ ಗೆಲ್ಲುವ ದಿನ ಬರಬಹುದು. ಆ ದಿನಕ್ಕೆಂದು ಕಂಪ್ಯೂಟರಿನ ಮಾತು ಕೇಳದ ಒಂದು ಕೊನೆಯ ತಡೆ ಇರಬೇಕು. ಟ್ಯಾಂಕು ತುಂಬಿದರೆ ಮೋಟರಿನ ಕರೆಂಟನ್ನೇ ನೇರವಾಗಿ ಕಡಿಯುವ ತೇಲು ಸ್ವಿಚ್ಚು, ಒತ್ತಡ ಮೀರಿದರೆ ತಾನೇ ತೆರೆಯುವ ಸ್ಪ್ರಿಂಗಿನ ವಾಲ್ವು, ಕೆರೆಗೆ ಕೋಡಿ, ಅಣೆಕಟ್ಟಿಗೆ ಸೈಫನ್. ಇವು ಹಳೆಯ ಕಾಲದವೆಂದು ಕಿತ್ತುಹಾಕುವ ಗುತ್ತಿಗೆಗಳು ದೊಡ್ಡ ತಪ್ಪು ಮಾಡುತ್ತವೆ. ಅವುಗಳನ್ನು ಕೆಡಿಸಬೇಕಾದರೆ ಮನುಷ್ಯ ಆ ಜಾಗಕ್ಕೇ ಬರಬೇಕು, ಅವನು ಕಣ್ಣಿಗೆ ಬೀಳುತ್ತಾನೆ.

ಕಣ್ಣು ಎಂದಾಗ ನೀರುಗಂಟಿ ನೆನಪಾಗುತ್ತಾನೆ. ಕೆರೆಯ ತೂಬು ಎತ್ತಿ ಇಳಿಸಿ, ಕಾಲುವೆಯ ಉದ್ದಕ್ಕೂ ನಡೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದ ಅವನ ಹುದ್ದೆ ಬಹಳ ಊರುಗಳಲ್ಲಿ ಇಲ್ಲವಾಗಿದೆ. ಇಂದು ಅವನ ಜಾಗದಲ್ಲಿರುವವರು ನಾಲೆಯ ಸೌಡಿಗಳು, ಪಂಚಾಯಿತಿಯ ವಾಟರ್‌ಮ್ಯಾನ್‌ಗಳು, ನಗರದ ವಾಲ್ವ್‌ಮ್ಯಾನ್‌ಗಳು. ಅವರಿಗೆ ಸಂಬಳ ಕಡಿಮೆ, ಭದ್ರತೆ ಕಡಿಮೆ. ಸ್ಕಾಡಾ ಬಂದ ಮೇಲೆ ಇವರು ಬೇಡವೆಂದು ಲೆಕ್ಕ ಹಾಕುವುದು ಸುಲಭ. ಆದರೆ ಪರದೆಯ ಅಂಕಿಗೂ ಕಣ್ಣೆದುರಿನ ನೀರಿಗೂ ತಾಳೆಯಿಲ್ಲವೆಂದು ಮೊದಲು ಹೇಳಬಲ್ಲವರು ಅವರೇ. ಗೋಡೆಗೆ ಬರೆದ ಅಳತೆಪಟ್ಟಿಯನ್ನು ದಿನಕ್ಕೆರಡು ಸಲ ಓದಿ ಪುಸ್ತಕದಲ್ಲಿ ಬರೆಯುವ ಕೆಲಸ, ಆ ಪುಸ್ತಕವನ್ನು ಕಂಪ್ಯೂಟರಿನ ದಾಖಲೆಯೊಂದಿಗೆ ವಾರಕ್ಕೊಮ್ಮೆ ಹೋಲಿಸುವ ಕೆಲಸ ಯಾವ ದುಬಾರಿ ತಂತ್ರಾಂಶಕ್ಕೂ ಕಡಿಮೆಯದಲ್ಲ.

ಸಿಂಗಪುರದ ತಂತ್ರಜ್ಞಾನ ಮತ್ತು ವಿನ್ಯಾಸ ವಿಶ್ವವಿದ್ಯಾಲಯದಲ್ಲಿ ಆದಿತ್ಯ ಮಾಥುರ್ ಅವರ ನೇತೃತ್ವದಲ್ಲಿ 2015ರಲ್ಲಿ ಒಂದು ಪುಟ್ಟ ನೀರು ಶುದ್ಧೀಕರಣ ಘಟಕ ಕಟ್ಟಿದರು. ಆರು ಹಂತಗಳ ಆ ಘಟಕ ಇರುವುದೇ ದಾಳಿ ಮಾಡಿ ನೋಡುವುದಕ್ಕೆ. ಅದನ್ನು 11 ದಿನ ಎಡೆಬಿಡದೆ ಓಡಿಸಿ, ಏಳು ದಿನ ಸಹಜವಾಗಿ, ನಾಲ್ಕು ದಿನ ದಾಳಿಗೆ ಒಡ್ಡಿ ಪಡೆದ ಅಂಕಿಗಳನ್ನು ಇಂದು ಜಗತ್ತಿನ ಸಂಶೋಧಕರೆಲ್ಲ ಬಳಸುತ್ತಾರೆ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಬೇರೆ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಎರಡು ಟ್ಯಾಂಕು, ಎರಡು ಪಂಪು, ನಾಲ್ಕಾರು ಸೆನ್ಸರ್, ಒಂದು ಪಿಎಲ್‌ಸಿ ಇಟ್ಟುಕೊಂಡು ಇಂಥದೊಂದು ಪ್ರಯೋಗಶಾಲೆ ಕಟ್ಟುವುದು ಇಲ್ಲಿನ ವಿದ್ಯಾರ್ಥಿಗಳಿಗೆ ಅಸಾಧ್ಯವಲ್ಲ. ನಗರದ ನೀರು ಸರಬರಾಜು ಎಂಜಿನಿಯರ್‌ಗಳು ಅಲ್ಲಿ ಕುಳಿತು ದಾಳಿ ಹೇಗಿರುತ್ತದೆಂದು ಒಮ್ಮೆ ಕಣ್ಣಾರೆ ನೋಡಬೇಕು.

ದೇಶದ ಮಟ್ಟದಲ್ಲಿ ಕಾನೂನಿನ ಚೌಕಟ್ಟು ಇದೆ. ಅತಿ ಮುಖ್ಯ ಮಾಹಿತಿ ವ್ಯವಸ್ಥೆಗಳ ರಕ್ಷಣೆಗೆ ಎನ್‌ಸಿಐಐಪಿಸಿ ಎಂಬ ರಾಷ್ಟ್ರೀಯ ಕೇಂದ್ರ 2014ರಿಂದ ಕೆಲಸ ಮಾಡುತ್ತಿದೆ. ಸೈಬರ್ ಘಟನೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು, ಇಂಥ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಆದೇಶಿಸಿತು. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಆಡಳಿತ ವಿಭಾಗದ ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಸ್ಥಾವರದ ನಿಯಂತ್ರಣ ಜಾಲ ಅದರಿಂದ ಪ್ರತ್ಯೇಕವಾಗಿದ್ದ ಕಾರಣ ಅಲ್ಲಿಗೆ ತಲುಪಲಿಲ್ಲವೆಂದು ಅಣುವಿದ್ಯುತ್ ನಿಗಮ ತಿಳಿಸಿತು. ಜಾಲಗಳನ್ನು ಬೇರೆ ಬೇರೆ ಇಡುವುದರ ಬೆಲೆ ಅಂದು ಎಲ್ಲರಿಗೂ ಕಂಡಿತು.

ಉಳಿದ ಕೆಲಸ ಊರಿನದು. ಮುಂದಿನ ಸಲ ನಗರಪಾಲಿಕೆಯಲ್ಲೋ, ನೀರಾವರಿ ಕಚೇರಿಯಲ್ಲೋ, ಗ್ರಾಮ ಪಂಚಾಯಿತಿಯಲ್ಲೋ ಸೆನ್ಸರ್ ಅಳವಡಿಸುವ ಟೆಂಡರ್ ಬಂದಾಗ ಸದಸ್ಯರು, ರೈತ ಸಂಘದವರು, ನೀರು ಬಳಕೆದಾರರ ಸಂಘದವರು ಕೆಲವು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಲಿ. ಮುಖ್ಯವಾದ ಪ್ರತಿ ಅಳತೆಗೆ ಬೇರೆ ಬೇರೆ ಬಗೆಯ ಎಷ್ಟು ಸೆನ್ಸರ್ ಇವೆ? ಒಳಹರಿವು, ಹೊರಹರಿವು, ಮಟ್ಟ ಇವುಗಳ ತಾಳೆಯನ್ನು ಯಾರು, ಎಷ್ಟು ಸಲ ನೋಡುತ್ತಾರೆ? ಗುತ್ತಿಗೆ ಮುಗಿಸಿ ಹೋದ ಕಂಪನಿಯ ಪಾಸ್‌ವರ್ಡುಗಳನ್ನು ಯಾವ ದಿನ ಬದಲಾಯಿಸಲಾಯಿತು? ಕಂಪ್ಯೂಟರ್ ಕೈಕೊಟ್ಟರೆ ಪಂಪು ನಿಲ್ಲಿಸುವ ಯಾಂತ್ರಿಕ ತಡೆ ಇದೆಯೇ? ನಾಲೆಯ ಮುಖ್ಯ ಗೇಜುಗಳ ಅಂಕಿಯನ್ನು ನೆರೆಯ ತಾಲ್ಲೂಕುಗಳ ರೈತರು ಒಟ್ಟಿಗೆ ಹೋಗಿ ಓದಿ ಹೋಲಿಸಲು ಅವಕಾಶವಿದೆಯೇ? ಇವಕ್ಕೆ ಉತ್ತರ ಸಿಕ್ಕ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ, ಒಂದು ದಿನ ಸೆನ್ಸರ್‌ಗಳಿಗೆ ಬೇಕೆಂದೇ ತಪ್ಪು ಅಂಕಿ ಕೊಟ್ಟು ವ್ಯವಸ್ಥೆ ಅದನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು, ಅದೇ ದಿನ ಗೇಟುಗಳನ್ನು ಕೈಯಿಂದ ತಿರುಗಿಸಿ ನೋಡಬೇಕು, ಕಂಡುಬಂದ ದೋಷಗಳ ಪಟ್ಟಿಯನ್ನು ಜೂನ್ ತಿಂಗಳ ಸಭೆಯಲ್ಲಿ ಜನರ ಮುಂದಿಡಬೇಕು.